ಮುನ್ಸೂಚನೆಗಿಂತ ಕಾವಲು: ಆಟಿಸಂ ಮತ್ತು ಅಪಸ್ಮಾರವಿರುವ ಮಗುವಿಗೆ ಸಹಾಯಕ ನಾಯಿ, ಗೌಡಗೆರೆ ಹೋಬಳಿಯನ್ನು ಮುಂದಿಟ್ಟು ಒಂದು ವಿಚಾರಣೆ

ತರಬೇತಾದ ನಾಯಿ ಮೂರ್ಛೆ ಬರುವ 15ರಿಂದ 45 ನಿಮಿಷ ಮೊದಲೇ ಎಚ್ಚರಿಸಬಲ್ಲದು ಎಂದು ಬ್ರಿಟನ್ನಿನ ಸ್ಟ್ರಾಂಗ್, ಬ್ರೌನ್ ಮತ್ತು ವಾಕರ್ 1999ರಲ್ಲಿ ಬರೆದರು. ಆಟಿಸಂ ಮತ್ತು ಅಪಸ್ಮಾರ ಎರಡೂ ಇರುವ ಮಗುವಿಗೆ ನಾಯಿ ತರುವ ವಿಚಾರ ಬಂದಾಗೆಲ್ಲ ಈ ಮಾತೇ ಮುಂದೆ ಬರುತ್ತದೆ. ಶಿರಾ ತಾಲ್ಲೂಕಿನ ಗೌಡಗೆರೆಯಂಥ ಹೋಬಳಿಯಲ್ಲಿ ನಾಯಿಯ ಬೆಲೆಯನ್ನು ಈ ಮಾತಿನಿಂದ ಅಳೆಯಬಾರದು ಎಂಬುದು ನನ್ನ ವಾದ.

ವಿವಾದವಿಲ್ಲದ ಸಂಗತಿಗಳು ಕೆಲವಿವೆ. ಆಟಿಸಂ ಜೊತೆ ಬೌದ್ಧಿಕ ನ್ಯೂನತೆಯೂ ಇರುವವರಲ್ಲಿ ಐವರಲ್ಲಿ ಒಬ್ಬರಿಗೆ ಅಪಸ್ಮಾರವಿರುತ್ತದೆಂದು 2008ರಲ್ಲಿ ಆಮಿಯೆ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದರು. ನಮ್ಮಲ್ಲಿ ಗೌರಿದೇವಿ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಬೆಂಗಳೂರು ಸಮೀಕ್ಷೆಯ ಪ್ರಕಾರ ಅಪಸ್ಮಾರ ನಗರದಲ್ಲಿ ಸಾವಿರಕ್ಕೆ 5.7, ಹಳ್ಳಿಗಳಲ್ಲಿ 11.9. ಅಗ್ಗದ ಮಾತ್ರೆಗಳಿಂದಲೇ ಹಳ್ಳಿಯ ಹೆಚ್ಚಿನ ರೋಗಿಗಳನ್ನು ಹತೋಟಿಗೆ ತರಬಹುದೆಂದು ಕೆ.ಎಸ್. ಮಣಿಯವರ ಯಳಂದೂರು ಅಧ್ಯಯನ ತೋರಿಸಿಕೊಟ್ಟಿತು. ಆದ್ದರಿಂದ ನಾಯಿಯ ಮಾತು ಏನಿದ್ದರೂ ಮಾತ್ರೆಯ ನಂತರ. ತಲೆಗೆ ಬಿಸಿನೀರು ಹೊಯ್ಯುವಾಗಲೇ ಮೂರ್ಛೆ ಬರುವ ಮಕ್ಕಳು ಹಳೆ ಮೈಸೂರು ಸೀಮೆಯಲ್ಲಿ ಅಪರೂಪವಲ್ಲ, ನಿಮ್ಹಾನ್ಸ್‌ನಲ್ಲಿದ್ದ ಪಿ. ಸತೀಶ್ಚಂದ್ರ ಇದನ್ನು ವಿಸ್ತಾರವಾಗಿ ದಾಖಲಿಸಿದ್ದಾರೆ. ಅಂಥ ಮನೆಯಲ್ಲಿ ಮೊದಲು ಆಗಬೇಕಾದದ್ದು ನೀರಿನ ಬಿಸಿ ತಗ್ಗಿಸುವುದು.

ಇನ್ನು ವಿವಾದದ ವಿಷಯ. ಆಸ್ಪತ್ರೆಯ ವಿಡಿಯೊ-ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ) ವಾರ್ಡಿನಲ್ಲಿ ರೋಗಿಗಳ ಜೊತೆ ಅವರ ನಾಯಿಗಳನ್ನೂ ಇರಿಸಿಕೊಂಡು ಗಮನಿಸಿದ ಒರ್ಟಿಜ್ ಮತ್ತು ಲಿಪೊರೇಸ್ (2005), ಆ ಮುನ್ಸೂಚನೆಯನ್ನು ನೆಚ್ಚುವಂತಿಲ್ಲ ಎಂದರು. ನಾಯಿಗಳು ಎಚ್ಚರಿಸುತ್ತಿದ್ದ ಕೆಲವು ಪ್ರಸಂಗಗಳು ಅಪಸ್ಮಾರವೇ ಅಲ್ಲ, ಮಾನಸಿಕ ಮೂಲದವು ಎಂದು ಕ್ರಾಸ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. ಕತಾಲಾ ತಂಡ 2019ರಲ್ಲಿ ಮೂರ್ಛೆಗೆ ತನ್ನದೇ ವಾಸನೆಯಿದೆ ಎಂದು ಐದು ನಾಯಿಗಳಿಂದ ಸಾಬೀತುಪಡಿಸಿದ್ದು ನಿಜ. ಮೂರ್ಛೆಗೆ ಮುಂಚೆಯೂ ಆ ವಾಸನೆ ಇರುತ್ತದೆಯೇ ಎಂಬುದು ಆ ಪರೀಕ್ಷೆಯಿಂದ ತೀರ್ಮಾನವಾಗಲಿಲ್ಲ. 2021ರಲ್ಲಿ ಬೆಲ್‌ಫಾಸ್ಟಿನ ಸಂಶೋಧಕರು ಮೂರ್ಛೆಪೂರ್ವದ ವಾಸನೆಗೂ ಸಾಕುನಾಯಿಗಳು ಸ್ಪಂದಿಸಿದವು ಎಂದು ವರದಿ ಮಾಡಿದ್ದರಿಂದ ಸ್ಟ್ರಾಂಗ್ ಅವರ ಮಾತನ್ನು ಸಾರಾಸಗಟಾಗಿ ತಳ್ಳಿಹಾಕುವಂತಿಲ್ಲ, ನಾನೂ ತಳ್ಳಿಹಾಕುತ್ತಿಲ್ಲ.

ನನ್ನ ಆಕ್ಷೇಪ ಇರುವುದು ಬೇರೆ ಕಡೆ. ಸ್ಟ್ರಾಂಗ್ ವರದಿಯ ರೋಗಿಗಳು ನಾಯಿಯ ಸನ್ನೆ ಕಂಡು ತಾವೇ ಸಿದ್ಧರಾಗುತ್ತಿದ್ದವರು. ಮಾತು ಬಾರದ ಮಗು ಸನ್ನೆ ಅರಿತು ನೆಲದ ಮೇಲೆ ಮಲಗುವುದಿಲ್ಲ, ತನಗೇನೋ ಆಗುತ್ತಿದೆ ಎಂದು ಹೇಳುವುದೂ ಇಲ್ಲ. ಹಾಗಾಗಿ ಎಚ್ಚರಿಕೆ ತಲುಪಬೇಕಾದದ್ದು ತಾಯಿಗೆ. ಆಕೆ ಆ ಹೊತ್ತಿಗೆ ಹೊಲದಲ್ಲಿ ಕಡಲೆಕಾಯಿ ಕೀಳುತ್ತಿದ್ದರೆ ಮುನ್ಸೂಚನೆ ಸರಿಯಾಗಿದ್ದೂ ಉಪಯೋಗಕ್ಕೆ ಬಾರದು. ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಎವೆಯಿಕ್ಕದೆ ಶೂನ್ಯ ನೋಡುತ್ತ ನಿಲ್ಲುವುದು, ಕೈ ಬಡಿಯುವುದು, ಕರೆದರೆ ತಿರುಗದಿರುವುದು ಆಟಿಸಂನಲ್ಲೂ ಉಂಟು, ಕೆಲವು ಬಗೆಯ ಅಪಸ್ಮಾರದಲ್ಲೂ ಉಂಟು. ಇಇಜಿ ಇಲ್ಲದೆ ವೈದ್ಯರಿಗೇ ಬಿಡಿಸಿ ಹೇಳಲು ಕಷ್ಟವಾಗುವಾಗ ನಾಯಿಯ ಎಚ್ಚರಿಕೆ ಸರಿಯೋ ತಪ್ಪೋ ಎಂದು ಮನೆಯವರು ನಿರ್ಧರಿಸುವುದು ಹೇಗೆ? ಮುನ್ಸೂಚನೆಯ ಆಸೆ ಯಾವ ಮಗುವಿನ ವಿಷಯದಲ್ಲಿ ಹೆಚ್ಚೋ ಆ ಮಗುವಿನಲ್ಲೇ ಅದನ್ನು ಪರೀಕ್ಷಿಸುವುದು ಅತಿ ಕಷ್ಟ. ಇದು ಎಲ್ಲ ಮಕ್ಕಳಿಗೂ ಅನ್ವಯಿಸುವ ಮಾತಲ್ಲ. ಕೈಕಾಲು ಸೆಟೆದು ಬೀಳುವ, ಎದ್ದು ಕಾಣುವ ಮೂರ್ಛೆ ಮಾತ್ರವೇ ಇರುವ ಮಗುವಿನಲ್ಲಿ ಈ ತೊಡಕು ಬಹಳ ಕಡಿಮೆ.

ಹಾಗಾದರೆ ನಾಯಿಯಿಂದ ಕೇಳಬೇಕಾದದ್ದು ಏನು? ಮಗು ಬಿದ್ದ ಕೂಡಲೇ ಅದರ ಪಕ್ಕ ಬಿಡದೆ ಬೊಗಳಿ ನಾಲ್ಕು ಜನರನ್ನು ಕರೆಯುವುದು. ರಾತ್ರಿ ಕುರಿಹಟ್ಟಿ ಕಾಯುವ ನಾಯಿ ಬೊಗಳಿದರೆ ಎದ್ದು ಬರುವ ಅಭ್ಯಾಸ ಶಿರಾ ಸೀಮೆಯ ಕುರಿಗಾರರಿಗೆ ಇದ್ದೇ ಇದೆ. ಮಕ್ಕಳು ತಪ್ಪಿಸಿಕೊಂಡು ಓಡದಂತೆ ನಾಯಿ ತಡೆಯುವುದನ್ನು ಕೆನಡಾದಲ್ಲಿ ಬರೋಸ್ ಮತ್ತು ಸಂಗಡಿಗರು 2008ರಲ್ಲಿ ವಿವರಿಸಿದ್ದಾರೆ: ಮಗುವಿನ ಸೊಂಟಪಟ್ಟಿ ನಾಯಿಯ ಜೀನಿಗೆ, ನಾಯಿಯ ಹಗ್ಗ ದೊಡ್ಡವರ ಕೈಗೆ. ಓಡಿದ ಮಗು ಜಾರಿ ಬೀಳಬಹುದಾದ, ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡಗಳಿರುವ ಊರಿಗೆ ಈ ಗುಣ ಮುನ್ಸೂಚನೆಗಿಂತ ಹೆಚ್ಚು ಬೇಕು. ಆದರೆ ಇದನ್ನು ಹಾಗೆಯೇ ತಂದು ಇಲ್ಲಿ ನಡೆಸಲಾಗದು. ಹಾಲಿನ ಡೇರಿಯ ಮುಂದೆ ಮೂರು ಬೀದಿನಾಯಿಗಳು ಒಟ್ಟಿಗೆ ಮೇಲೆರಗಿದರೆ ಕಟ್ಟಿದ ನಾಯಿ ಹೆಜ್ಜೆ ಹಿಂದಿಡುತ್ತದೆ, ಅದರ ಜೊತೆ ಮಗುವೂ ನೆಲಕ್ಕೆ ಎಳೆಯಲ್ಪಡುತ್ತದೆ. ಬೀದಿಯಲ್ಲಿ ಪಟ್ಟಿ ಬೇಡ, ಮನೆಯಂಗಳ ಮತ್ತು ಹೊಲದಲ್ಲಷ್ಟೇ ಸಾಕು ಎಂದು ಸದ್ಯಕ್ಕೆ ಹೇಳಬಲ್ಲೆ. ಮುಧೋಳ ತಳಿಯನ್ನು ಇದಕ್ಕೆ ಸೂಚಿಸಲು ಹಿಂಜರಿಯುತ್ತೇನೆ: ಓಡುವುದನ್ನು ಕಣ್ಣಲ್ಲಿ ಹಿಡಿದು ಬೆನ್ನಟ್ಟುವ ಬೇಟೆನಾಯಿ ಅದು. ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರದಂಥ ಕಡೆ ಶಾಂತ ಸ್ವಭಾವದ ಮರಿಗಳನ್ನು ಆರಿಸಿ ಪರೀಕ್ಷಿಸಿದರೆ ಈ ಅಭಿಪ್ರಾಯ ಬದಲಾಗಬಹುದು.

ನೆದರ್ಲೆಂಡ್ಸ್‌ನಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಔಷಧಕ್ಕೆ ಬಗ್ಗದ ಅಪಸ್ಮಾರವಿದ್ದವರಲ್ಲಿ ನಾಯಿ ಬಂದ ಮೇಲೆ ಮೂರ್ಛೆಗಳು ಸರಾಸರಿ 31% ಇಳಿದವೆಂದು ಹೇಳುತ್ತದೆ. ಕಾರಣ ನೆಮ್ಮದಿಯೋ ಮತ್ತೇನೋ ಇನ್ನೂ ಇತ್ಯರ್ಥವಾಗಿಲ್ಲ. ಪ್ರತಿ ಮೂರ್ಛೆಯನ್ನೂ ಮನೆಯವರು ಮೊಬೈಲಿನಲ್ಲಿ ಚಿತ್ರೀಕರಿಸಿ ನರರೋಗ ತಜ್ಞರಿಗೆ ತೋರಿಸುವ ದಾಖಲೆ, ನಾಯಿ ಬರುವ ಮೊದಲಿನ ತಿಂಗಳುಗಳಿಂದಲೇ ಶುರುವಾದರೆ, ಇಲ್ಲಿಯೂ ಆ ಹೋಲಿಕೆ ಸಾಧ್ಯ. ಮಗು ಬಿದ್ದಾಗ ನಾಯಿ ಬೊಗಳಿದ್ದು ಯಾರ ಕಿವಿಗೆ ಬಿತ್ತು, ಎಷ್ಟು ಹೊತ್ತಿಗೆ ಬಂದರು ಎಂಬುದನ್ನೂ ಅದರಲ್ಲೇ ಬರೆಯಬೇಕು.