ಎಂಜಿನ್ನಿಗೆ ಬೀಗ, ಕೀಲಿಕೈ ಯಾರಲ್ಲಿ?

ಕಾರ್ಬೊರೇಟರಿನ ತಿರುಪು ತಿರುಗಿಸಿ, ಸದ್ದು ಕೇಳಿಯೇ ಎಂಜಿನ್ನನ್ನು ಹದಕ್ಕೆ ತರುತ್ತಿದ್ದ ಮೆಕ್ಯಾನಿಕನ ಕೈಯಿಂದ ಆ ಕೆಲಸ ಜಾರಿದ್ದು ಹೊಗೆಯ ದೆಸೆಯಿಂದ. ಅಮೆರಿಕದ 1970ರ ಶುದ್ಧ ಗಾಳಿ ಕಾಯಿದೆಯ ಮಿತಿಗಳಿಗೆ ತಿರುಪಿನ ಅಂದಾಜು ಸಾಲದಾಯಿತು. ಜರ್ಮನಿಯ ಬಾಷ್ ಕಂಪನಿ 1979ರಲ್ಲಿ ತಂದ ಮೋಟ್ರಾನಿಕ್, ಇಂಧನ ಮತ್ತು ಕಿಡಿ ಎರಡನ್ನೂ ಒಂದೇ ಪುಟ್ಟ ಕಂಪ್ಯೂಟರಿಗೆ ವಹಿಸಿತು. ಯಾವ ವೇಗಕ್ಕೆ ಎಷ್ಟು ಪೆಟ್ರೋಲ್ ಎಂಬ ಕೋಷ್ಟಕ ಅದರ ಚಿಪ್‌ನಲ್ಲಿತ್ತು. ಬದಲಿಸಬೇಕೆಂದರೆ ಚಿಪ್ಪನ್ನೇ ಕಿತ್ತು ಬೇರೆಯದನ್ನು ಕೂರಿಸಬೇಕಿತ್ತು. ಫ್ಲ್ಯಾಷ್ ಮೆಮೊರಿ ಬಂದ ಮೇಲೆ ತಂತಿ ಜೋಡಿಸಿದರೆ ಸಾಕು, ಹೊಸ ಪಾಠ ಒಳಗಿಳಿಯುತ್ತದೆ. 1996ರಿಂದ ಅಮೆರಿಕದ ಹೊಸ ಕಾರುಗಳಿಗೆಲ್ಲ ಒಂದೇ ಬಗೆಯ 16 ಪಿನ್ನಿನ ಸಾಕೆಟ್ ಕಡ್ಡಾಯವಾಯಿತು. ದೋಷದ ಸಂಕೇತ ಓದುವುದು ಹೊರಗಿನ ಗ್ಯಾರೇಜಿಗೂ ಸಾಧ್ಯವಾಯಿತೇನೋ ಸರಿ. ಪ್ರೋಗ್ರಾಂ ತಿದ್ದುವ ಕೀಲಿಕೈ ತಯಾರಕರಲ್ಲೇ ಉಳಿಯಿತು.

ಈ ಬೀಗವನ್ನು ಮಾಲೀಕ ತೆರೆಯಬಹುದೇ? ಕೃತಿಸ್ವಾಮ್ಯ ಕಾನೂನು ಅಡ್ಡವಿತ್ತು. ವಿನಾಯಿತಿ ಬೇಡವೆಂದು 2015ರ ಜುಲೈನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳಿತು. ಜನ ತಿದ್ದಿ ಹೊಗೆ ಹೆಚ್ಚಿಸಿಯಾರೆಂಬ ಅಂಜಿಕೆ. ಸೆಪ್ಟೆಂಬರಿನಲ್ಲಿ ಅದೇ ಸಂಸ್ಥೆ ಫೋಕ್ಸ್‌ವ್ಯಾಗನ್ನಿನ ಮೋಸವನ್ನು ಬಯಲಿಗೆಳೆಯಿತು. ಪರೀಕ್ಷೆಯ ಹೊತ್ತಿನಲ್ಲಷ್ಟೇ ಹೊಗೆ ತಗ್ಗಿಸುವ ಪ್ರೋಗ್ರಾಂ ಜಗತ್ತಿನ ಸುಮಾರು 1 ಕೋಟಿ 10 ಲಕ್ಷ ಡೀಸೆಲ್ ವಾಹನಗಳಲ್ಲಿತ್ತು. ಬರೆಸಿದ್ದು ಬೀದಿಯ ಗ್ಯಾರೇಜಲ್ಲ, ಕೀಲಿಕೈ ಹಿಡಿದಿದ್ದ ಕಂಪನಿಯೇ! ಅಕ್ಟೋಬರಿನಲ್ಲಿ ಮಾಲೀಕರಿಗೆ ವಿನಾಯಿತಿ ಸಿಕ್ಕಿತು. ಜಾರಿಗೆ ಮಾತ್ರ ಇನ್ನೊಂದು ವರ್ಷ ಕಾಯಬೇಕಾಯಿತು.