ಛಾಯಾಚಿತ್ರದೊಳಗಿನ ಗುಪ್ತ ಟಿಪ್ಪಣಿ

ಮೊಬೈಲ್ ಫೋನಿನಲ್ಲಿ ತೆಗೆದ ಛಾಯಾಚಿತ್ರದ ಕಡತದಲ್ಲಿ ಚಿತ್ರ ಮಾತ್ರ ಇರುವುದಿಲ್ಲ. ಅದರ ಜೊತೆಗೆ ಫೋನು ತಾನಾಗಿಯೇ ಬರೆದಿಟ್ಟ ಟಿಪ್ಪಣಿಯೂ ಇರುತ್ತದೆ. ತೆಗೆದ ದಿನ, ವೇಳೆ, ಮಸೂರದ ವಿವರ, ಬೆಳಕು ಎಷ್ಟು ಹೊತ್ತು ಒಳಬಿತ್ತೆಂಬ ಲೆಕ್ಕ, ನಾವು ಅನುಮತಿ ಕೊಟ್ಟಿದ್ದರೆ ಅಕ್ಷಾಂಶ ರೇಖಾಂಶಗಳು ಕೂಡ. ಇದು ಎಷ್ಟು ದೂರ ಮುಟ್ಟಬಲ್ಲದೆಂಬುದಕ್ಕೆ 2012ರ ಡಿಸೆಂಬರ್ ತಿಂಗಳ ಪ್ರಸಂಗವೊಂದನ್ನು ನೋಡಿ. ವೈರಸ್ ನಿರೋಧಕ ತಂತ್ರಾಂಶದಿಂದ ಹೆಸರಾಗಿದ್ದ ಜಾನ್ ಮ್ಯಾಕಫಿ ಆಗ ಬೆಲೀಜ್ ದೇಶದ ಪೊಲೀಸರಿಂದ ತಲೆಮರೆಸಿಕೊಂಡಿದ್ದರು. ‘ವೈಸ್’ ಪತ್ರಿಕೆ ಅವರ ಚಿತ್ರವೊಂದನ್ನು ಪ್ರಕಟಿಸಿತು. ಐಫೋನಿನಲ್ಲಿ ತೆಗೆದ ಆ ಚಿತ್ರದಲ್ಲಿ ಗ್ವಾಟೆಮಾಲಾದ ಸ್ಥಳಾಂಕಗಳು ಹಾಗೆಯೇ ಉಳಿದಿದ್ದವು. ಎರಡು ದಿನಗಳಲ್ಲಿ ಅವರ ಬಂಧನವಾಯಿತು.

ಅದು ಯಾರು ಬೇಕಾದರೂ ಓದಬಹುದಾದ ಬರಹ. ಯಾರಿಗೂ ಓದಲು ಬಾರದಂತೆ ಬರೆದ ಭಾಗವೂ ಒಂದಿದೆ. ಅದರ ಚರಿತ್ರೆ ಜಪಾನಿನಲ್ಲಿ ಆರಂಭವಾಗುತ್ತದೆ.

1995ರಲ್ಲಿ ಅಲ್ಲಿನ ವಿದ್ಯುನ್ಮಾನ ಉದ್ಯಮಗಳ ಸಂಘವು ಡಿಜಿಟಲ್ ಕ್ಯಾಮೆರಾಗಳಿಗಾಗಿ ‘ಎಕ್ಸಿಫ್’ ಎಂಬ ನಿಯಮಾವಳಿ ರೂಪಿಸಿತು. ಪ್ರತಿಯೊಂದು ವಿವರಕ್ಕೂ ಒಂದು ಸಂಖ್ಯೆ. 271 ಎಂದರೆ ತಯಾರಕರ ಹೆಸರು, 306 ಎಂದರೆ ದಿನಾಂಕ ಮತ್ತು ವೇಳೆ. ಪ್ರತಿ ನಮೂದಿಗೆ 12 ಬೈಟುಗಳ ಜಾಗ. ಆದರೆ 37500 ಎಂಬ ಸಂಖ್ಯೆಯನ್ನು ಮಾತ್ರ ‘ಮೇಕರ್ ನೋಟ್’ ಎಂದು ಕರೆದು ತಯಾರಕರಿಗೇ ಬಿಟ್ಟುಕೊಡಲಾಯಿತು. ಅದರೊಳಗೆ ಏನು ಬರೆಯಬೇಕು, ಯಾವ ಕ್ರಮದಲ್ಲಿ ಬರೆಯಬೇಕು ಎಂಬುದು ಕಂಪನಿಯ ಇಷ್ಟ. ಅರ್ಥ ಹೇಳಬೇಕೆಂಬ ಕಟ್ಟಳೆಯೂ ಇಲ್ಲ. ನಿಯಮಾವಳಿಯೇ ಒಂದು ಬೀಗದ ಪೆಟ್ಟಿಗೆಗೆ ಜಾಗ ಮಾಡಿಕೊಟ್ಟಂತಾಯಿತು.

ಕೆಲವರು ಬೀಗವನ್ನು ಇನ್ನಷ್ಟು ಬಿಗಿದರು. 2005ರಲ್ಲಿ ನಿಕಾನ್ ಕಂಪನಿಯ ಡಿ2ಎಕ್ಸ್ ಕ್ಯಾಮೆರಾ ತನ್ನ ಕಚ್ಚಾ ಕಡತಗಳಲ್ಲಿ ವೈಟ್ ಬ್ಯಾಲೆನ್ಸ್ ವಿವರವನ್ನು, ಅಂದರೆ ಬಿಳಿಯನ್ನು ಬಿಳಿಯಾಗಿಯೇ ತೋರಿಸಲು ಬೇಕಾದ ಅಂಕಿಗಳನ್ನು, ಗೂಢಲಿಪಿಯಲ್ಲಿ ಬರೆಯುತ್ತಿದೆಯೆಂಬ ಸಂಗತಿ ಹೊರಬಿತ್ತು. ಫೋಟೋಶಾಪ್ ನಿರ್ಮಾತೃಗಳಲ್ಲಿ ಒಬ್ಬರಾದ ಥಾಮಸ್ ನಾಲ್ ಬಹಿರಂಗವಾಗಿ ಆಕ್ಷೇಪಿಸಿದರು. ಡೇವ್ ಕಾಫಿನ್ ಎಂಬ ಪ್ರೋಗ್ರಾಮರ್ ಅದನ್ನು ಬಿಡಿಸಿಯೇಬಿಟ್ಟರು. ತೆಗೆದವರ ಚಿತ್ರದಲ್ಲಿ ತೆಗೆದವರೇ ಓದಲಾಗದ ಬರಹ! ಇದು ನ್ಯಾಯವೆಂದು ನನಗಂತೂ ತೋರುವುದಿಲ್ಲ.

ಈ ಕೆಲಸದಲ್ಲಿ ದೊಡ್ಡ ಹೆಸರು ಕೆನಡಾದ ಫಿಲ್ ಹಾರ್ವೆ ಅವರದು. ನ್ಯೂಟ್ರಿನೋ ಪ್ರಯೋಗದಲ್ಲಿ ದುಡಿದ ಇವರು 2003ರಲ್ಲಿ ‘ಎಕ್ಸಿಫ್‌ಟೂಲ್’ ಎಂಬ ಉಚಿತ ತಂತ್ರಾಂಶವನ್ನು ಹೊರತಂದರು. ಬೇರೆಬೇರೆ ಕ್ಯಾಮೆರಾಗಳ ಗುಪ್ತ ಟಿಪ್ಪಣಿಗಳ ಅರ್ಥ ಅದರೊಳಗೆ ವರ್ಷವರ್ಷಕ್ಕೂ ಸೇರುತ್ತ ಬಂದಿದೆ.

ಬಿಡಿಸುವ ಉಪಾಯ ಹೊಸದೇನಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಸಾಂಚಿಯ ಚಿಕ್ಕಚಿಕ್ಕ ಶಾಸನಗಳೆಲ್ಲ ಒಂದೇ ಅಕ್ಷರಗಳಿಂದ ಮುಗಿಯುವುದನ್ನು ಗಮನಿಸಿ, ಅದು ‘ದಾನಂ’ ಇರಬೇಕೆಂದು ಊಹಿಸಿ ಬ್ರಾಹ್ಮೀ ಲಿಪಿಗೆ ದಾರಿ ತೆರೆದರಷ್ಟೆ. ಇಲ್ಲಿಯೂ ಮರಳಿ ಮರಳಿ ಬರುವುದು ಯಾವುದು, ಬದಲಾಗುವುದು ಯಾವುದು ಎಂದು ನೋಡಬೇಕು. ಒಂದು ಅನುಕೂಲವೂ ಇದೆ: ಪ್ರಿನ್ಸೆಪ್ ಹೊಸ ಶಾಸನ ಕೆತ್ತಿಸುವಂತಿರಲಿಲ್ಲ, ನಾವು ಹೊಸ ಚಿತ್ರ ತೆಗೆಯಬಹುದು.

ಐಫೋನಿನ ಟಿಪ್ಪಣಿಯಲ್ಲಿ 8ನೆಯ ಸಂಖ್ಯೆಯಡಿ ಮೂರು ಅಂಕಿಗಳಿವೆ. ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು ತೆಗೆದರೆ ಒಂದು ಅಂಕಿ ಹೆಚ್ಚುಕಡಿಮೆ 1, ಉಳಿದೆರಡು ಸೊನ್ನೆಯ ಹತ್ತಿರ. ನೆಟ್ಟಗೆ ಹಿಡಿದರೆ 1ರ ಸ್ಥಾನ ಬೇರೆಯಾಗುತ್ತದೆ. ಓರೆಯಾಗಿ, ಆದರೆ ಅಲುಗಾಡಿಸದೆ ಹಿಡಿದು ಮೂರರ ವರ್ಗಗಳನ್ನು ಕೂಡಿಸಿದರೂ ಮೊತ್ತ ಸುಮಾರು 1. ಭೌತಶಾಸ್ತ್ರ ಓದಿದವರಿಗೆ ಇಷ್ಟು ಸಾಕು, ಅದು ಗುರುತ್ವ! ಫೋನನ್ನು ಯಾವ ಕೋನದಲ್ಲಿ ಹಿಡಿದಿದ್ದಿರೆಂಬುದು ಚಿತ್ರದಲ್ಲಿ ದಾಖಲಾಗಿದೆ.

3ನೆಯ ಸಂಖ್ಯೆ ಇನ್ನೂ ಸ್ವಾರಸ್ಯದ್ದು. ಫೋನನ್ನು ನಿದ್ರಾವಸ್ಥೆಗೆ ಬಿಡದೆ ಹತ್ತು ನಿಮಿಷಗಳ ಅಂತರದಲ್ಲಿ ಎರಡು ಚಿತ್ರ ತೆಗೆದರೆ ಅಲ್ಲಿನ ಅಂಕಿ ಸುಮಾರು 60,000 ಕೋಟಿಯಷ್ಟು ಏರುತ್ತದೆ. ಹತ್ತು ನಿಮಿಷವೆಂದರೆ 600 ಸೆಕೆಂಡು, ಅಷ್ಟೇ ನ್ಯಾನೊಸೆಕೆಂಡುಗಳು. ಫೋನನ್ನು ಆರಿಸಿ ಮತ್ತೆ ಹಚ್ಚಿದರೆ ಎಣಿಕೆ ಮೊದಲಿನಿಂದ ಶುರು. ಅಂದರೆ ಇದು ಫೋನು ಚಾಲೂ ಆದಂದಿನಿಂದ, ನಿದ್ರೆಯ ಹೊತ್ತು ಬಿಟ್ಟು, ಕಳೆದ ಕಾಲ. ವೀಕ್ಷಕರು ಕಳಿಸುವ ಚಿತ್ರ ನಿಜವಾಗಿ ಆ ಹೊತ್ತಿನದೇ ಎಂದು ಕೇಳಬೇಕಾದ ನಮ್ಮಂಥ ದೂರದರ್ಶನದವರಿಗೆ ಇದರ ಬೆಲೆ ಗೊತ್ತು. ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ ಚಿತ್ರ ತೆಗೆದರೂ ಈ ಎಣಿಕೆ ಹಿಂದಕ್ಕೆ ಹೋಗುವುದಿಲ್ಲ. ಒಂದೇ ಫೋನಿನ ಹಲವು ಚಿತ್ರಗಳನ್ನು ಸಾಲಾಗಿಟ್ಟರೆ ಸುಳ್ಳು ವೇಳೆ ಎದ್ದು ಕಾಣಬಹುದು. ಆದರೆ ಇದನ್ನು ಏಕೈಕ ಸಾಕ್ಷಿಯೆಂದು ನಂಬುವಂತಿಲ್ಲ; ಟಿಪ್ಪಣಿಯನ್ನು ಓದುವ ತಂತ್ರಾಂಶವೇ ಅದನ್ನು ತಿದ್ದಲೂ ಬಲ್ಲದು.

ಕೆಲವು ಸ್ಯಾಮ್‌ಸಂಗ್ ಫೋನುಗಳು ಮತ್ತೊಂದು ದಾರಿ ಹಿಡಿದಿವೆ. ಚಿತ್ರ ಮುಗಿಯಿತೆಂದು ಹೇಳುವ ಗುರುತಿನ ಆಚೆಗೂ ಅವು ಬರೆಯುತ್ತವೆ. ಅಲ್ಲಿ ಬಿಡಿಸಿದ ನಮೂದುಗಳಲ್ಲಿ ಒಂದು ಮೊಬೈಲ್ ಜಾಲದ ದೇಶಸಂಕೇತ. 404 ಅಥವಾ 405 ಇದ್ದರೆ ಭಾರತ. ಎಕ್ಸಿಫ್ ಭಾಗವನ್ನಷ್ಟೇ ಅಳಿಸುವ ತಂತ್ರಾಂಶ ಇದನ್ನು ಮುಟ್ಟದೆ ಬಿಡಬಹುದು. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಇಂಥ ಟಿಪ್ಪಣಿ ಕಳಚಿಹೋಗುತ್ತದೆ, ಅದನ್ನೇ ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಊರು ಬಿಟ್ಟು ಓಡಿಬಂದವರಿಗೂ, ಸಾಕ್ಷಿ ಹೇಳಬೇಕಾದವರಿಗೂ ಈ ವ್ಯತ್ಯಾಸ ಚಿಕ್ಕದಲ್ಲ.

ನಿಮ್ಮದೇ ಚಿತ್ರವೊಂದನ್ನು ಎಕ್ಸಿಫ್‌ಟೂಲ್‌ನಲ್ಲಿ, ಅರ್ಥವಾಗದ್ದನ್ನೂ ತೋರಿಸು ಎಂಬ ಆಯ್ಕೆಯೊಂದಿಗೆ ತೆರೆದು ನೋಡಿ. ಹೆಸರು ಸಿಕ್ಕ ಸಾಲುಗಳ ನಡುವೆ ಕಂಪನಿಯ ಹೆಸರು ಮತ್ತು ಬರಿಯ ಸಂಖ್ಯೆ ಹೊತ್ತ ಸಾಲುಗಳೂ ಬರುತ್ತವೆ. ಅವನ್ನು ಬಿಡಿಸುವುದು ಇನ್ನೂ ಬಾಕಿ ಇದೆ.