ರಕ್ಷಣೆ ಆಗಿದೆಯಾ?

ಕೊಳವೆಬಾವಿಗೆ ಬಿದ್ದ ಮಗುವನ್ನು ಮೇಲೆತ್ತಿದರೆ ಮರುದಿನದ ಪತ್ರಿಕೆಯಲ್ಲಿ ‘ಮಗುವಿನ ರಕ್ಷಣೆ’. ನೆರೆಯಲ್ಲಿ ಸಿಕ್ಕಿಕೊಂಡವರದೂ ರಕ್ಷಣೆ, ಇಟ್ಟಿಗೆ ಭಟ್ಟಿಯಿಂದ ಬಿಡಿಸಿ ತಂದವರದೂ ರಕ್ಷಣೆ, ಅಡಿಕೆ ತೋಟದಲ್ಲಿ ಹಿಡಿದ ಕಾಳಿಂಗ ಸರ್ಪದ್ದೂ ರಕ್ಷಣೆಯೇ. ದೆಹಲಿಯಲ್ಲಿ ಇದೇ ಹೆಸರಿನ ಖಾತೆಗೆ ಒಬ್ಬ ಸಚಿವರಿದ್ದಾರೆ. ಇಷ್ಟೆಲ್ಲ ದುಡಿಯುವ ಪದಕ್ಕೆ ಕನ್ನಡ ಕ್ರೈಸ್ತರ ನಡುವೆ ಇನ್ನೊಂದು ಕೆಲಸವಿದೆ. ಪೆಂತೆಕೋಸ್ತ್ ಸಭೆಗೆ ಹೊಸಬರು ಹೋದರೆ, ‘ಊಟ ಆಯ್ತಾ’ ಅನ್ನುವಷ್ಟೇ ಸಲಿಗೆಯಲ್ಲಿ ‘ರಕ್ಷಣೆ ಆಗಿದೆಯಾ ಬ್ರದರ್?’ ಎಂಬ ಪ್ರಶ್ನೆ ಬರಬಹುದು. ಯಾವುದರಿಂದ ಎಂದು ಕೇಳುವವರು ಹೊರಗಿನವರು. ಒಳಗಿನವರಿಗೆ ಗೊತ್ತು: ಪಾಪದಿಂದ, ಅದರ ಶಿಕ್ಷೆಯಿಂದ. ಹಲವರಿಗೆ ಅದಕ್ಕೊಂದು ತಾರೀಖೂ ಇರುತ್ತದೆ, ಸಾಕ್ಷಿ ಹೇಳಲು ನಿಂತಾಗ ನೆನೆಯುವಂಥದ್ದು.

ಆಗಿದೆ ಅಂದಮೇಲೆ ಮುಂದಿನ ಪ್ರಶ್ನೆ ತಾನಾಗಿ ಹುಟ್ಟುತ್ತದೆ. ಆದದ್ದು ಹೋಗುವುದುಂಟೆ? ಒಮ್ಮೆ ಪಡೆದ ರಕ್ಷಣೆಯನ್ನು ಕ್ರೈಸ್ತನೊಬ್ಬ ಕಳೆದುಕೊಳ್ಳಬಹುದೇ?

ಕನ್ನಡ ಬೈಬಲು ಈ ಜಾಗದಲ್ಲಿ ‘ಮೋಕ್ಷ’ ಎಂಬ ಪದವನ್ನು ಕೂರಿಸಿದ್ದರೆ ಪ್ರಶ್ನೆ ಏಳುತ್ತಲೇ ಇರಲಿಲ್ಲ ಎಂದು ನನಗನ್ನಿಸುತ್ತದೆ. ನಮ್ಮಲ್ಲಿ ಸ್ವರ್ಗ ಕೈತಪ್ಪುವ ವಸ್ತು. ಪುಣ್ಯ ತೀರಿದೊಡನೆ ಕೆಳಗಿಳಿಯಬೇಕು. ನಹುಷ ಇಂದ್ರಪದವಿಯಿಂದಲೇ ಉರುಳಿ ಹೆಬ್ಬಾವಾದ. ಮೋಕ್ಷ ಹಾಗಲ್ಲ. ಬ್ರಹ್ಮಸೂತ್ರದ ಕಟ್ಟಕಡೆಯ ಸೂತ್ರವೇ ಮರಳಿ ಬರುವುದಿಲ್ಲ ಎಂಬ ಮಾತು. ಹಿಂದಿರುಗಿ ಬಂದರೆ ಅದು ಮೋಕ್ಷವೇ ಅಲ್ಲ. ರಕ್ಷಣೆಗೆ ಅಂಥ ಭದ್ರವಾದ ವ್ಯಾಖ್ಯೆ ಇಲ್ಲ. ಕಾಯುವವನು, ಕಾಯಿಸಿಕೊಳ್ಳುವವನು, ಅಪಾಯ, ಈ ಮೂರೂ ಎದುರಿಗಿರುವಾಗಿನ ಪದ ಅದು. ಬಳ್ಳಾರಿಗೆ 1810ರಲ್ಲಿ ಬಂದು ಬೈಬಲನ್ನು ಕನ್ನಡಕ್ಕೆ ತರಲು ಕೂತ ಜಾನ್ ಹ್ಯಾಂಡ್ಸ್ ಮತ್ತು ಆಮೇಲಿನ ಪರಿಷ್ಕಾರಕರ ಮುಂದೆ ಮುಕ್ತಿ, ಮೋಕ್ಷ, ಕೈವಲ್ಯ ಎಲ್ಲವೂ ಸಿದ್ಧವಾಗಿದ್ದವು. ನಿಂತದ್ದು ರಕ್ಷಣೆ.

ಮೂಲದ ಗ್ರೀಕ್ ಪದ ‘ಸೋಟೇರಿಯ’ ಕೂಡ ನೆಲದ ಮೇಲೆ ನಡೆದಾಡಿದ್ದೇ. ಪೌಲನಿದ್ದ ಹಡಗು ಮಾಲ್ಟಾ ಬಳಿ ಒಡೆಯುವ ಮುನ್ನ, ಹಸಿದ ನಾವಿಕರಿಗೆ ಉಣ್ಣಿರಿ, ಬದುಕಿ ಉಳಿಯಲು ಇದು ಬೇಕು ಎಂದು ಅವನು ಹೇಳುವಾಗ ಬರುವುದು ಇದೇ ಪದ. ರಕ್ತಸ್ರಾವದ ಹೆಂಗಸು ಯೇಸುವಿನ ಉಡುಪು ಮುಟ್ಟಿ ಗುಣವಾದಳು ಎಂಬಲ್ಲಿಯೂ ಇದೇ ಧಾತು. ಕನ್ನಡದಲ್ಲಿ ಅಲ್ಲಿ ಸ್ವಸ್ಥವಾಯಿತು ಎಂದಾಗುತ್ತದೆ. ಪೌಲನ ಹೆಸರಿನ ಪತ್ರಗಳಲ್ಲಿ ಕಾಲಗಳೂ ಮೂರು. ಎಫೆಸದವರಿಗೆ ಬರೆದುದರಲ್ಲಿ ರಕ್ಷಣೆ ಆಗಿಹೋದದ್ದು, ಕೊರಿಂಥದವರಿಗೆ ಬರೆದುದರಲ್ಲಿ ಆಗುತ್ತಿರುವುದು, ರೋಮಾಪುರದವರಿಗೆ ಬರೆದುದರಲ್ಲಿ ಇನ್ನೂ ಬರಬೇಕಾದದ್ದು, ನಂಬಿದ ದಿನಕ್ಕಿಂತ ಈಗ ಹತ್ತಿರವಾದದ್ದು. ‘ಆಗಿದೆಯಾ’ ಎಂದು ಕೇಳುವವರು ಮೊದಲನೆಯದನ್ನು ಮಾತ್ರ ಹಿಡಿದಿದ್ದಾರೆ.

ಕಥೋಲಿಕರ ಕನ್ನಡ ಬೈಬಲು ಹಲವೆಡೆ ಉದ್ಧಾರ, ಜೀವೋದ್ಧಾರ ಎನ್ನುತ್ತದೆ. ‘ನೀನು ಉದ್ಧಾರ ಆಗಲ್ಲ’ ಎಂದು ಅಪ್ಪನ ಬಾಯಲ್ಲಿ ಕೇಳಿ ಬೆಳೆದ ನಮಗೆಲ್ಲ ಈ ಪದದಲ್ಲಿರುವ ಅನಿಶ್ಚಿತತೆ ಚೆನ್ನಾಗಿ ಪರಿಚಿತ! ಅವರ ಬೋಧನೆಯೂ ಅದಕ್ಕೆ ಹೊಂದುತ್ತದೆ. 1547ರಲ್ಲಿ ಟ್ರೆಂಟ್ ಮಹಾಸಭೆ ತೀರ್ಮಾನಿಸಿದ್ದು ಇದು: ಮಾರಕ ಪಾಪ ಮಾಡಿದವನು, ನಂಬಿಕೆ ಉಳಿದಿದ್ದರೂ, ವರಪ್ರಸಾದವನ್ನು ಕಳೆದುಕೊಳ್ಳುತ್ತಾನೆ, ಪಾಪನಿವೇದನೆಯ ಸಂಸ್ಕಾರದಲ್ಲಿ ಮರಳಿ ಪಡೆಯುತ್ತಾನೆ. ದೇವರೇ ವಿಶೇಷವಾಗಿ ತಿಳಿಸದ ಹೊರತು ಕೊನೆತನಕ ನಿಲ್ಲುತ್ತೇನೆಂದು ಯಾರೂ ಖಚಿತವಾಗಿ ಹೇಳಿಕೊಳ್ಳುವಂತಿಲ್ಲ. ಲೂಥರನ್ನರು 1530ರ ಆಗ್ಸ್‌ಬರ್ಗ್ ಒಪ್ಪಿಗೆಯಲ್ಲೇ ಬೀಳಬಹುದು ಎಂಬ ಕಡೆ ನಿಂತಿದ್ದರು.

ಜಗಳ ಕಾವೇರಿದ್ದು ಹಾಲೆಂಡಿನಲ್ಲಿ. ಲೈಡನ್ನಿನ ಪ್ರಾಧ್ಯಾಪಕ ಯಾಕೋಬಸ್ ಅರ್ಮಿನಿಯಸ್ 1609ರಲ್ಲಿ ತೀರಿಕೊಂಡ; ಮರುವರ್ಷ ಅವನ ಅನುಯಾಯಿಗಳು ಐದು ಅಂಶಗಳ ಮನವಿಯೊಂದನ್ನು ಮುಂದಿಟ್ಟರು. ನಾಲ್ಕು ಅಂಶಗಳಲ್ಲಿ ಖಡಾಖಂಡಿತವಾಗಿದ್ದವರು ಐದನೆಯದಕ್ಕೆ ಬಂದಾಗ ತಡೆದರು: ನಿಜವಾದ ವಿಶ್ವಾಸಿ ಬಿದ್ದುಹೋಗಬಹುದೇ ಎಂಬುದನ್ನು ಧರ್ಮಗ್ರಂಥದಲ್ಲಿ ಇನ್ನೂ ಹುಡುಕಿ ನೋಡಬೇಕು ಎಂದರು. ಇಡೀ ವಿವಾದದಲ್ಲಿ ನನಗೆ ಅತ್ಯಂತ ಇಷ್ಟವಾದ ಸಾಲು ಅದು. ಎದುರಾಳಿಗಳಿಗೆ ಆ ವ್ಯವಧಾನ ಇರಲಿಲ್ಲ. 1618–19ರ ಡೋರ್ಟ್ ಸಭೆ ಕ್ಯಾಲ್ವಿನ್ ಪಂಥದ ಉತ್ತರವನ್ನು ಬರೆದಿಟ್ಟಿತು. ದೇವರು ಆರಿಸಿಕೊಂಡವರು ಎಡವಬಹುದು, ಪೂರ್ತಿ ಬಿದ್ದುಹೋಗರು. ದೇವರು ಅವರನ್ನು ಕೈಬಿಡನು. 1619ರ ಮೇ ತಿಂಗಳಲ್ಲೇ ಅರ್ಮಿನಿಯಸ್ ಪಕ್ಷದ ಬೆನ್ನಿಗಿದ್ದ ಮುತ್ಸದ್ದಿ ಓಲ್ಡನ್‌ಬಾರ್ನೆವೆಲ್ಟನ ತಲೆ ಉರುಳಿತು. ದೇವರ ವಿಷಯಕ್ಕಿಂತ ರಾಜಕೀಯವೇ ಅದಕ್ಕೆ ಹೆಚ್ಚು ಕಾರಣ. ಅವನ ಜೊತೆಗಾರ ನ್ಯಾಯವೇತ್ತ ಗ್ರೋಶಿಯಸ್‌ಗೆ ಜೀವಾವಧಿ ಸೆರೆ. 1621ರಲ್ಲಿ ಹೆಂಡತಿಯ ಉಪಾಯದಿಂದ ಅವನು ಪುಸ್ತಕದ ಪೆಟ್ಟಿಗೆಯೊಳಗೆ ಮಲಗಿ ಕೋಟೆಯಿಂದ ಪಾರಾದ. ಪತ್ರಿಕೆಯವರ ಅರ್ಥದಲ್ಲಿ ಅದೂ ರಕ್ಷಣೆಯೇ.

ಇಂಗ್ಲೆಂಡಿನಲ್ಲಿ ಇದೇ ಗೆರೆ ಇಬ್ಬರು ಬೋಧಕ ಗೆಳೆಯರ ನಡುವೆ ಹಾದುಹೋಯಿತು. ಜಾರ್ಜ್ ವಿಟ್‌ಫೀಲ್ಡ್ ಕ್ಯಾಲ್ವಿನ್ ಕಡೆ, ಜಾನ್ ವೆಸ್ಲಿ ಅರ್ಮಿನಿಯಸ್ ಕಡೆ. 1740ರ ಆಸುಪಾಸಿನಲ್ಲಿ ದಾರಿ ಬೇರೆಯಾದವರು ಆಮೇಲೆ ಮನಸ್ಸು ತಿಳಿಯಾಗಿಸಿಕೊಂಡರು. 1770ರಲ್ಲಿ ವಿಟ್‌ಫೀಲ್ಡ್ ತೀರಿಕೊಂಡಾಗ ಅವನ ಇಚ್ಛೆಯಂತೆ ಸ್ಮರಣೆಯ ಪ್ರಸಂಗ ಮಾಡಿದವನು ವೆಸ್ಲಿ. ಕನ್ನಡ ನಾಡಿಗೂ ಎರಡೂ ಕಡೆಯವರು ಬಂದರು. ಹಳೇ ಮೈಸೂರಿನಲ್ಲಿ ವೆಸ್ಲಿಯನ್ನರು, ಬಳ್ಳಾರಿಯಲ್ಲಿ ಕ್ಯಾಲ್ವಿನ್ ಪರಂಪರೆಯ ಲಂಡನ್ ಮಿಷನ್‌ನವರು, ಮಂಗಳೂರಿನಲ್ಲಿ 1834ರಿಂದ ಲೂಥರನ್ ಮತ್ತು ರಿಫಾರ್ಮ್ಡ್ ಎರಡನ್ನೂ ಬೆರೆಸಿಕೊಂಡ ಬಾಸೆಲ್ ಮಿಷನ್‌ನವರು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ (ಸಿಎಸ್‌ಐ) ಹುಟ್ಟಿದಾಗ ವೆಸ್ಲಿಯ ಮಕ್ಕಳೂ ಕ್ಯಾಲ್ವಿನ್ನನ ಮಕ್ಕಳೂ ಒಂದೇ ಚಾವಣಿಯ ಕೆಳಗೆ ಬಂದರು. ಇವತ್ತು ಸಿಎಸ್‌ಐ ದೇವಾಲಯದ ಬೆಂಚಿನಲ್ಲಿ ಕೂತವರಲ್ಲಿ ತಮ್ಮ ಅಜ್ಜನ ಮಿಷನ್ ಯಾವ ಪಕ್ಷದ್ದೆಂದು ಬಲ್ಲವರು ಕಡಿಮೆಯೇ ಇರಬೇಕು.

ಅರ್ಧ ಜಗಳ ಕ್ರಿಯಾಪದದ್ದು ಎಂದೂ ಅನ್ನಿಸುತ್ತದೆ. ಕನ್ನಡದಲ್ಲಿ ‘ಕಳೆದು’ ಎಂಬುದಕ್ಕೆ ಎರಡು ಬಾಲ. ಬಸ್ಸಿನಲ್ಲಿ ಕೊಡೆ ಕಳೆದುಹೋಯಿತು ಎಂದರೆ ತಪ್ಪು ಕೊಡೆಯದು. ಕಳೆದುಕೊಂಡೆ ಎಂದರೆ ನಮ್ಮದು. ರಕ್ಷಣೆ ಹೀಗೆ ಗೊತ್ತಿಲ್ಲದಂತೆ ಜಾರಿಹೋಗುತ್ತದೆ ಎಂದು ವೆಸ್ಲಿಯ ಕಡೆಯವರೂ ಹೇಳಲಾರರು. ಅವರ ಮಾತು, ಮನುಷ್ಯ ಅದನ್ನು ತಾನೇ ಬಿಸಾಡಬಲ್ಲ ಎಂಬುದು. ಎದುರಿನವರ ಕಿವಿಗೆ ಬೀಳುವುದು ಮಾತ್ರ ‘ಹೋಯಿತು’ ಎಂದೇ. ಸಭೆ ಬಿಟ್ಟು, ನಂಬಿಕೆ ಬಿಟ್ಟು ಹೋದವನ ಬಗ್ಗೆ ಒಂದು ಪಕ್ಷ ‘ಇತ್ತು, ಕಳೆದುಕೊಂಡ’ ಎನ್ನುತ್ತದೆ, ಇನ್ನೊಂದು ‘ಮೊದಲಿಂದಲೂ ಇರಲೇ ಇಲ್ಲ’ ಎನ್ನುತ್ತದೆ. ಅವನಿಗೆ ಇಬ್ಬರೂ ಹೇಳುವುದು ಒಂದೇ, ಮರಳಿ ಬಾ ಎಂದು.

ನಿಜವಾದ ಫಜೀತಿ ಹೋದವನದಲ್ಲ, ಉಳಿದು ಅಂಜುವವನದು. ‘ಕಳೆದುಕೊಳ್ಳಲಾಗದು’ ಎಂಬುದು ಸಮಾಧಾನಕ್ಕೆಂದೇ ಹುಟ್ಟಿದ ಬೋಧನೆ. ಆದರೆ ಅದು ಭಯವನ್ನು ತೆಗೆಯಲಿಲ್ಲ, ನಾಳೆಯಿಂದ ಎತ್ತಿ ನಿನ್ನೆಯಲ್ಲಿಟ್ಟಿತು. ನಾಳೆ ಬೀಳುತ್ತೇನೋ ಎಂಬ ಚಿಂತೆಯ ಜಾಗಕ್ಕೆ, ಮೊದಲು ಸಿಕ್ಕಿದ್ದಾದರೂ ನಿಜವೇ ಎಂಬ ಚಿಂತೆ ಬಂತು. ಲೇಖಕ ಜಾನ್ ಬನಿಯನ್ ತಾನು ಬೈಬಲಿನ ಏಸಾವನಂತೆ ಚೊಚ್ಚಲತನದ ಹಕ್ಕನ್ನು ಮಾರಿಕೊಂಡೆ ಎಂದು ನರಳಿದ್ದನ್ನು 1666ರ ಆತ್ಮಕಥೆಯಲ್ಲಿ ಬರೆದ. ಅವನು ಹೇಗೋ ದಾಟಿದ. ಕವಿ ವಿಲಿಯಂ ಕೂಪರ್ ದಾಟಲಿಲ್ಲ. ‘ಅಮೇಜಿಂಗ್ ಗ್ರೇಸ್’ ಬರೆದ ಜಾನ್ ನ್ಯೂಟನ್ನನ ನೆರೆಯವ, ಅವನ ಜೊತೆ ಸೇರಿ 1779ರ ಓಲ್ನಿ ಗೀತಸಂಗ್ರಹವನ್ನು ಕೊಟ್ಟವ, ದೇವರು ತನ್ನವರನ್ನು ಕೈಬಿಡನೆಂದು ನಂಬಿದವ. 1773ರ ಒಂದು ಕನಸಿನ ನಂತರ ತನ್ನೊಬ್ಬನನ್ನು ಮಾತ್ರ ದೇವರು ಕೈಬಿಟ್ಟನೆಂಬ ನಿಶ್ಚಯ ಅವನಲ್ಲಿ ಕೂತಿತು. 1800ರಲ್ಲಿ ಸಾಯುವ ತನಕ ಅದು ಸಡಿಲಲಿಲ್ಲ. ಮನೋವ್ಯಾಧಿ ಎನ್ನಬಹುದು, ಹೌದು. ಆದರೂ ಆ ವ್ಯಾಧಿ ಮಾತಾಡಿದ ಭಾಷೆ ಡೋರ್ಟಿನದು: ನಿಯಮವನ್ನು ಅವನು ಒಮ್ಮೆಯೂ ಅಲ್ಲಗಳೆಯಲಿಲ್ಲ, ಅದರಿಂದ ತನ್ನನ್ನು ಹೊರಗಿಟ್ಟುಕೊಂಡ.

ಹಾಗಾಗಿ ಈ ಎರಡು ಬೋಧನೆಗಳನ್ನು ತೂಗುವಾಗ ಯಾವುದು ತರ್ಕಕ್ಕೆ ಬಿಗಿ ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ. ಅಂಜಿದವನ ಎದುರು ಅದು ಏನು ಹೇಳುತ್ತದೆ ಎಂದು ನೋಡುತ್ತೇನೆ. ಈ ಲೆಕ್ಕದಲ್ಲಿ ವೆಸ್ಲಿಗೆ ಒಂದು ಅಂಕ ಹೆಚ್ಚು. ವಿಶ್ವಾಸಿ ಬೀಳಬಹುದು ಎಂದು 1751ರಲ್ಲಿ ಪುಸ್ತಿಕೆ ಬರೆದು ವಾದಿಸಿದ ಅದೇ ಮನುಷ್ಯ, ಮುಪ್ಪಿನಲ್ಲಿ ಹಿಂಜಾರಿದವರಿಗೆಂದೇ ಒಂದು ಪ್ರಸಂಗ ಬರೆದ. ಬಿದ್ದವರನ್ನು ಮತ್ತೆ ತಿರುಗಿಸುವುದು ಅಸಾಧ್ಯವೆನ್ನುವ ಇಬ್ರಿಯರ ಪತ್ರದ ಆರನೆಯ ಅಧ್ಯಾಯವನ್ನು ಹಿಡಿದು ಹೆದರಿ ಕೂತವರಿಗೆ, ಆ ಮಾತು ಕ್ರಿಸ್ತನನ್ನು ಬಹಿರಂಗವಾಗಿ, ಬೇಕೆಂದೇ ತಳ್ಳಿಹಾಕಿದವರ ಕುರಿತದ್ದು, ನಿಮ್ಮದಲ್ಲ ಎಂದು ಬಿಡಿಸಿ ಹೇಳಿದ. ಜೊತೆಗೆ, ಬಿದ್ದು ಮತ್ತೆ ಎದ್ದವರನ್ನು ತಾನೇ ಕಂಡಿದ್ದೇನೆ, ಅವರು ಸಾವಿರಾರು ಮಂದಿ ಎಂದ.